ಅವಳು ಕೇಳಿದ ಒಂದು ಗೆರೆ

ಗುರುವಾರ, ಮಧ್ಯಾಹ್ನ

ಮಗಳೇ,

ಅದೇ, ನಿನ್ನೆ ಫೋನಿನಲ್ಲಿ ಅರ್ಧಕ್ಕೆ ನಿಂತ ಮಾತು. ವೋಲ್ಟೇಜ್ ಏರಿಸಿದರೆ ಪ್ರೊಸೆಸರ್ ಒಂದೇ ಅಲ್ಲ, ಅದರ ಅಕ್ಕಪಕ್ಕದವೂ ಬಿಸಿಯಾಗುತ್ತವೆ ಎನ್ನುತ್ತಿದ್ದೆ, ಅಷ್ಟರಲ್ಲಿ ನಿನ್ನ ಬಸ್ಸು ಬಂತು. ಕಾಗದ ಬರೆಯುವಾಗ ಯಾರ ಬಸ್ಸೂ ಬರುವುದಿಲ್ಲ.

ನೀನು ಕೇಳಿದ್ದು ಒಂದೇ ಪ್ರಶ್ನೆ, ಅಮ್ಮನ ಕಂಪ್ಯೂಟರನ್ನು ಭಾನುವಾರ ಕಾರಿನಲ್ಲಿ ಒಯ್ಯಲೇ ಎಂದು. ನಿನ್ನ ಕಿಟಕಿಗಳಿಗೆಂದು ಅವಳು ಮಾಡಿದ ಬಟ್ಟೆಯ ವಿನ್ಯಾಸ ಅದರಲ್ಲಿದೆ. ಪೂರ್ತಿ ಚಿತ್ರ ಕೈಗೆ ಬಾರದೆ ಮಿಲ್ಲಿನವರು ನೇಯುವುದಿಲ್ಲ. ಇನ್ನೂ ಮುಗಿದಿಲ್ಲ ಎಂದೆ ನಾನು. ನಮ್ಮಲ್ಲಿ ಕರೆಂಟ್ ಹೋಗುವುದಿಲ್ಲ, ಇಲ್ಲೇ ಮುಗಿಸೋಣ ಎಂದೆ ನೀನು. ದಾರಿಯಲ್ಲಿ ಅಲುಗಾಡಿದರೆ ನಾನು ಎಳೆದ ಗೆರೆ ಅಳಿಸೀತು ಎಂದೆ. ಯಾವ ಗೆರೆ ಎಂದು ಹೇಳಲಿಲ್ಲ, ಅಲ್ಲವೇ?

ಕಂಪ್ಯೂಟರಿನಲ್ಲಿ ಆ ಚಿತ್ರ ಪೂರ್ತಿ ಮೂಡಲು ಹನ್ನೊಂದು ಗಂಟೆ ಬೇಕು. ನಮ್ಮ ಬೀದಿಗೆ ಕರೆಂಟ್ ಬರುವುದು ಬೆಳಿಗ್ಗೆ ಎಂಟಕ್ಕೆ, ಹೋಗುವುದು ಸಂಜೆ ಆರಕ್ಕೆ. ನಡುವೆ ನಿಂತರೆ ಮತ್ತೆ ಸೊನ್ನೆಯಿಂದ ಶುರು. ಅಮ್ಮ ದಿನವೂ ಶೇಕಡಾ ತೊಂಬತ್ತರವರೆಗೆ ಕಾಯುತ್ತಿದ್ದಳು. ಎದುರುಮನೆಯ ರಿಪೇರಿಯವನು ಅವಳಿಗೆ ಒಂದು ಉಪಾಯ ಹೇಳಿದ್ದನಂತೆ: ಬೋರ್ಡಿನ ಮೇಲೆ ಎರಡು ಚುಕ್ಕೆಗಳ ನಡುವೆ ಪೆನ್ಸಿಲ್ಲಿನಿಂದ ಗೆರೆ ಎಳೆದರೆ ಪ್ರೊಸೆಸರಿಗೆ ವೋಲ್ಟೇಜ್ ಏರುತ್ತದೆ, ಆಗ ಹೆಚ್ಚಿನ ವೇಗ ತಾಳಿಕೊಳ್ಳುತ್ತದೆ. ಅವಳು ನನಗೆ ಅಂದದ್ದು, "ಜೀವಮಾನವಿಡೀ ಆಫೀಸಿನಲ್ಲಿ ಊರವರ ಮನೆಗಳಿಗೆಲ್ಲ ಗೆರೆ ಎಳೆದ್ರಿ. ನನಗೆ ಅಂತ ಒಂದು ಎಳೀರಿ ಅಂದ್ರೆ ಕೈನೋವಾ?" ಆಮೇಲೆ ನೋಡೋಣ ಎಂದೆ. ಒಂದು ದಿನ ಚಿತ್ರ ಅರವತ್ತೆರಡರಲ್ಲಿದ್ದಾಗ ಅವಳನ್ನು ಆಸ್ಪತ್ರೆಗೆ ಕರೆದೊಯ್ದೆ. ಬಾಗಿಲಲ್ಲಿ ಹಿಂದಿರುಗಿ, ಆರಿಸಬೇಡಿ ಎಂದಳು. ನಾನು ಆರಿಸಲಿಲ್ಲ. ಮರುದಿನ ಮನೆಗೆ ಬಂದಾಗ ತಾನೇ ಆರಿತ್ತು.

ಈಗ ನಲವತ್ತೊಂಬತ್ತು ತೋರಿಸುತ್ತಿದೆ.

ಹೋದ ವಾರ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದೆ. ರಿಪೇರಿಯವನು ಭೂತಗನ್ನಡಿ ಕೊಟ್ಟು, "ಯಜಮಾನ್ರೇ, ಅಗ್ಗದ ಮಾಲು. ಕತ್ತೆಗೆ ಜೀನು ಹಾಕಿದ್ರೆ ಕುದುರೆ ಆಗಲ್ಲ, ನೋಡ್ಕೊಳ್ಳಿ" ಎಂದ. ಅಕ್ಕಿಕಾಳಿನ ತುದಿಯಷ್ಟು ಜಾಗ. ಎಳೆದೆ. ಗೆರೆಯ ಎರಡೂ ತುದಿಗಳನ್ನು ಒತ್ತಿ ಕಪ್ಪಾಗಿಸುವುದು ನಕ್ಷೆ ಬರೆಯುವವರ ಚಾಳಿ, ಎಲ್ಲಿ ಶುರು ಎಲ್ಲಿ ಕೊನೆ ಎಂದು ಮೇಸ್ತ್ರಿಗೆ ತಿಳಿಯಲೆಂದು. ಕೈ ತಾನಾಗಿ ಒತ್ತಿಬಿಟ್ಟಿತು. ಗೆರೆ ಕಪ್ಪಾದಷ್ಟೂ ವೋಲ್ಟೇಜ್ ಜಾಸ್ತಿ. ಎರಡೇ ನಿಮಿಷ, ಸುಟ್ಟ ವಾಸನೆ, ಸ್ಕ್ರೀನ್ ಕಪ್ಪು. ಅವಳ ಕೆಲಸವೆಲ್ಲ ಹೋಯಿತು ಅಂದುಕೊಂಡೆ. ಎದೆ ಹೊಡೆದುಕೊಳ್ಳಬೇಕಿತ್ತು, ಹೊಡೆದುಕೊಳ್ಳಲಿಲ್ಲ. ಕುರ್ಚಿಯಲ್ಲಿ ಕೂತು ಕಾಲೇಜಿನ ಓಮನ ನಿಯಮ ನೆನೆಸಿಕೊಂಡೆ. ಕರೆಂಟ್ ಈಸ್ ಡೈರೆಕ್ಟ್ಲಿ ಪ್ರಪೋರ್ಷನಲ್ ಟು... ಮುಂದಿನದು ಬರಲಿಲ್ಲ. ಕೊನೆಯದು ಮಾತ್ರ ಬಂತು: ಪ್ರೊವೈಡೆಡ್ ದಿ ಟೆಂಪರೇಚರ್ ರಿಮೇನ್ಸ್ ಕಾನ್‌ಸ್ಟಂಟ್. ಅವಳು ಹೋದಮೇಲೆ ನನ್ನ ಉಷ್ಣತೆಯೂ ಹಾಗೇ ಇದೆ. ಏರುವುದಿಲ್ಲ, ಇಳಿಯುವುದಿಲ್ಲ.

ಬೋರ್ಡು ತಣ್ಣಗಾದ ಮೇಲೆ ಗೆರೆಯನ್ನು ರಬ್ಬರಿನಿಂದ ಉಜ್ಜಿ, ಗಟ್ಟಿ ಸೀಸದ ಪೆನ್ಸಿಲ್ ಹಿಡಿದು, ಉಸಿರು ಬಿಗಿಹಿಡಿದು, ತುದಿ ಒತ್ತದೆ ಎಳೆದೆ. ಶುರುವೂ ಕೊನೆಯೂ ಕಾಣದಂಥ ಗೆರೆ. ಸುಟ್ಟಿದ್ದು ಬರೀ ಧೂಳು ಎಂದ ರಿಪೇರಿಯವನು. ಹತ್ತಿಕೊಂಡಿತು. ಹನ್ನೊಂದು ಗಂಟೆಯದು ಒಂಬತ್ತಕ್ಕೆ ಇಳಿಯಿತು. ಅವಳು ಕೇಳಿದ್ದೂ ಅಷ್ಟೇ. ನನಗೆ ಹಿಡಿದದ್ದು ಕಾಲು ಗಂಟೆ.

ನೀನು ಊಟದ ವಿಷಯವೂ ಕೇಳಿದ್ದೆ. ಆಗುತ್ತಿದೆ.

ತೊಂಬತ್ತಾರು. ಇಷ್ಟು ಬರೆಯಲು ಇಷ್ಟು ಹೊತ್ತು ಬೇಕಾಯಿತೇ? ಕಿಟಕಿಯ ಬೆಳಕು ಹೋಗುತ್ತಿದೆ, ಅಕ್ಷರಗಳು ಮಸುಕಾಗುತ್ತಿವೆ. ಕರೆಂಟ್ ಹೋಗಲು ಇನ್ನೂ ಒಂದು ಗಂಟೆಯ ಮೇಲಿದೆ, ದೀಪ ಹಾಕಬಹುದು. ಏಳಲು ಮನಸ್ಸಿಲ್ಲ. ಇಲ್ಲಿಗೆ ಸಾಕು.

ನಿನ್ನ
ಅಪ್ಪ

ಮರೆತಿದ್ದೆ: ಚಿತ್ರ ಸೋಮವಾರವೇ ಮುಗಿದಿದೆ. ಈ ಲಕೋಟೆಯಲ್ಲಿರುವ ಪೆನ್‌ಡ್ರೈವಿನಲ್ಲಿ ಹಾಕಿದ್ದೇನೆ, ಮಿಲ್ಲಿಗೆ ಕೊಡು. ಮಂಗಳವಾರ, ಬುಧವಾರ, ಇವತ್ತು, ಎಂಟಕ್ಕೆ ಅದೇ ಚಿತ್ರವನ್ನು ಮತ್ತೆ ಸೊನ್ನೆಯಿಂದ ಓಡಿಸುತ್ತಿದ್ದೇನೆ. ಫ್ಯಾನಿನ ಸದ್ದು ಇರುವಷ್ಟು ಹೊತ್ತು ಆ ಕೋಣೆಯಲ್ಲಿ ಯಾರೋ ಕೆಲಸ ಮಾಡುತ್ತಿರುವಂತಿರುತ್ತದೆ. ಭಾನುವಾರ ಬಾ. ಕಾರು ತರಬೇಡ, ಬಸ್ಸಿನಲ್ಲೇ ಬಾ.