ಅವಳಿ ನಾಣ್ಯಗಳು

ಅಪ್ಪಾ,

ನೀನು ಓದಲಾರೆ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ. ಬದುಕಿದ್ದಿದ್ದರೆ ಎದುರು ನಿಂತು ಕೇಳಲು ನನ್ನ ಕೈಲಾಗುತ್ತಿರಲಿಲ್ಲ.

ಇವತ್ತು ನಮ್ಮ ಅಂಗಡಿಗೆ ವಯಸ್ಸಾದ ಹೆಂಗಸೊಬ್ಬರು ರೋಮನ್ ಬೆಳ್ಳಿ ನಾಣ್ಯವೊಂದನ್ನು ಮಾರಲು ತಂದಿದ್ದರು. "ನಮ್ಮ ಯಜಮಾನ್ರು ನಿಮ್ಮ ತಂದೆ ಹತ್ರಾನೇ ತಗೊಂಡಿದ್ದು. ಇಂಥದ್ದು ಇದೊಂದೇ ಅಂದಿದ್ರಂತೆ" ಎಂದರು.

ಭೂತಗನ್ನಡಿ ಹಿಡಿದೆ. ನಾಣ್ಯದ ಮೇಲಿನ ಚಕ್ರವರ್ತಿಯ ಕಿವಿಯ ಕೆಳಗೆ ಸಾಸಿವೆಯಷ್ಟು ಗುಳಿ, ಕೆನ್ನೆಯ ಮೇಲೆ ಓರೆಯಾದ ಗೀರು. ಅದೇ ಗುಳಿ, ಅದೇ ಗೀರು ನನ್ನ ಕತ್ತಿನ ಸರದಲ್ಲಿರುವ ನಾಣ್ಯದಲ್ಲೂ ಇವೆ. ನನ್ನ ಮದುವೆಯ ದಿನ ನೀನೇ ಹಾಕಿದ ಸರ ಅದು.

ಪಾಠವೂ ನಿನ್ನದೇ. ಸುತ್ತಿಗೆಯಲ್ಲಿ ಒಂದೊಂದಾಗಿ ಹೊಡೆದ ಹಳೆಯ ನಾಣ್ಯಗಳು ಅಕ್ಕತಂಗಿಯರಂತೆ ಹೋಲುತ್ತವೆಯೇ ಹೊರತು ಅವಳಿಯಾಗಿರುವುದಿಲ್ಲ. ಗೀರಿನ ಸಮೇತ ಅವಳಿ ಕಂಡರೆ ಅದು ಅಚ್ಚಿನಲ್ಲಿ ಎರಕ ಹೊಯ್ದ ನಕಲಿ. ನನ್ನದಾದರೂ ಅಸಲಿಯಾಗಿರಲಿ ಎಂದು ಅಂಚು ತಿರುಗಿಸಿ ನೋಡಿದೆ. ಎರಡರಲ್ಲೂ ಎರಕದ ಗೆರೆಯನ್ನು ಅರದಿಂದ ಉಜ್ಜಿದ ಗುರುತಿತ್ತು.

ನಿನಗೆ ಗೊತ್ತಿರಲಿಲ್ಲ ಎಂದುಕೊಳ್ಳಲು ನೋಡಿದೆ. ಆದರೆ ನಿನ್ನ ಕಣ್ಣು ಎಂಥದ್ದೆಂದು ನನಗೆ ಗೊತ್ತು.

"ಅಸಲಿ ತಾನೇ?" ಎಂದರು ಆಕೆ.

ಸರವನ್ನು ಬಟ್ಟೆಯೊಳಗೆ ಸರಿಸಿಕೊಂಡೆ. "ಅಸಲಿನೇ ಅಮ್ಮ. ಯಜಮಾನ್ರ ನೆನಪು, ಮಾರ್ಬೇಡಿ. ಯಾರಿಗೂ ತೋರಿಸ್ಲೂ ಬೇಡಿ."

ಅವರ ಮುಖ ಅರಳಿತು. ಹೊರಟವರು ಬಾಗಿಲಲ್ಲಿ ತಿರುಗಿ ನಿಂತು, ನನ್ನನ್ನು ಕಣ್ತುಂಬ ನೋಡಿ ಹೇಳಿದರು:

"ನಿಮ್ಮಪ್ಪನ ಪಡಿಯಚ್ಚು ಕಣಮ್ಮ ನೀನು."