ಆರು ತಂತಿಗೆ ನಾಲ್ಕು ಕಂಬ

ಫೆಬ್ರವರಿ ೯, ೧೯೭೮. ಸಿಂದಗಿ

ಮತ್ತೆ ಅದೇ ಗುಂಯ್. ನಿನ್ನೆ ಇಂಡಿಯಲ್ಲಿ ಮದುವೆ. ಹಂದರದ ತುಂಬ ಟ್ಯೂಬ್‌ಲೈಟು — ಬೆಳಕು ಹೆಚ್ಚಾದಷ್ಟು ಮಾನ ಹೆಚ್ಚು ಎಂದುಕೊಂಡ ಬೀಗರು. ಟ್ಯೂಬು ಹೊತ್ತಿದ್ದೇ ತಡ, ಗಿಟಾರು ತಾನಾಗಿಯೇ ಶುರು. ತಂತಿ ಮುಟ್ಟಿದರೆ ಸ್ವಲ್ಪ ಇಳಿಯುತ್ತದೆ. ಕೈ ತೆಗೆದರೆ ಜೇನುಗೂಡು. ಅದರ ಮೇಲೆ ನಾನು ಏನು ಬಾರಿಸಿದರೂ ತಗಡಿನ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ.

ಯಾರಿಗೂ ಕೇಳಲಿಲ್ಲ. ಊಟದ ಪಂಕ್ತಿಯ ಕಡೆ ಕಿವಿಯಿದ್ದವರಿಗೆ ಏನು ಕೇಳುತ್ತದೆ. ಡ್ರಮ್ಮಿನವನಿಗೂ ಕೇಳಲಿಲ್ಲ. ಅವನಿಗೆ ಸ್ವಂತ ಡ್ರಮ್ಮೇ ಕೇಳುವುದಿಲ್ಲ.

ತೊಗರಿ ಅಡತಿ ವ್ಯಾಪಾರಿಯ ಮಗನಾದರೆ ಆರ್ಕೆಸ್ಟ್ರಾ ಕಟ್ಟಬಹುದು. ಆರ್ಕೆಸ್ಟ್ರಾ ಕಟ್ಟಿದರೆ ಅದರಲ್ಲಿ ಹಾಡಬಹುದು. ಹಣಮಂತ್ರಾಯ ಎರಡೂ ಮಾಡಿದ್ದಾನೆ. ಗಿಟಾರು ಅವನದು — ಕಲ್ಕತ್ತೆಯ ಮಾಲು, ಕೆಂಪು ಬಣ್ಣ. ಕೈ ಮಾತ್ರ ನನ್ನದು.

ಫೆಬ್ರವರಿ ೧೩

ಹಣಮಂತ್ರಾಯ ಅಂಗಡಿಗೆ ಬಂದಿದ್ದ. ನನ್ನ ಎದುರು ಮೂರು ರೇಡಿಯೊ ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದವು. ಬೆಂಚಿನ ಮೇಲೇ ಕೂತ.

"ಫಕ್ರ್ಯಾ, ಗಿಟಾರ್ ಸೌಂಡ್ ಸಾಲವಲ್ತು. ಜ್ವಾರ್ ಹೆಚ್ಚ ಮಾಡು."

"ಜೋರಿನ ಮಾತಲ್ರಿ ಇದು. ಪಿಕಪ್ ಬದಲಿ ಮಾಡಬೇಕು."

"ಅದ್ಯಾವುದು ಪಿಕಪ್ಪು?"

ಎರಡು ವರ್ಷದಿಂದ ಗಿಟಾರಿನ ಮಾಲೀಕ. ತೋರಿಸಿದೆ. ತಂತಿಗಳ ಕೆಳಗೆ ಬೆಂಕಿಪೆಟ್ಟಿಗೆಯಂಥದ್ದು. ಒಳಗೆ ಅಯಸ್ಕಾಂತ, ಸುತ್ತಲೂ ಕೂದಲಿಗಿಂತ ತೆಳುವಾದ ತಾಮ್ರದ ವೈರು. ತಂತಿ ಅಲುಗಿದ್ದನ್ನು ಹಿಡಿದು ಆಂಪ್ಲಿಫೈಯರಿಗೆ ಕಳಿಸುವುದೇ ಇದು. ಇದು ಕೆಟ್ಟದ್ದಾದರೆ ಮುಂದಿನದ್ದೆಲ್ಲ ಕೆಟ್ಟದ್ದೇ. ಸುರುಳಿ ಒಂದೇ ಇದ್ದರೆ ಟ್ಯೂಬ್‌ಲೈಟಿನ ಕಸವನ್ನೂ ಹಿಡಿಯುತ್ತದೆ. ಎರಡು ಸುರುಳಿಯದು ಬೇಕು, ಎಂದೆ. ಗಿಟಾರಿನದು, ಎರಡು ಸುರುಳಿಯದು — ಮೂರು ಸಲ ಹೇಳಿದೆ.

"ಮುಂಬೈಕ ಹೊಂಟೇನಿ. ಎಲ್ಲಾಕ್ಕಿಂತ ಚಲೋದ್ದು ತರ್ತೇನಿ ಬಿಡು."

ಕಿವಿ ಇಲ್ಲದವನು ನಾದ ಕೊಳ್ಳಲು ಹೊರಟಿದ್ದಾನೆ.

ಮಾರ್ಚ್ ೧

ತಂದ. ಬಂಗಾರದ ಬಣ್ಣ. ಮಖಮಲ್ಲಿನ ಡಬ್ಬಿಯಲ್ಲಿ, ಹೆಣ್ಣಿಗೆ ಹಾಕುವ ಉಂಗುರದ ಹಾಗೆ.

ಮುಚ್ಚಳ ತೆಗೆದು ನೋಡಿದೆ. ಮತ್ತೊಮ್ಮೆ ನೋಡಿದೆ. ತಂತಿಯ ನಾದ ಹಿಡಿಯುವ ಕಂಬಗಳು ನಾಲ್ಕೇ. ಬೇಸ್ ಗಿಟಾರಿಗೆ ಮಾಡಿದ್ದು. ಅದಕ್ಕೆ ನಾಲ್ಕು ತಂತಿ. ನಮ್ಮದಕ್ಕೆ ಆರು.

"ಇದು ನಮಗ ಬರೂದಿಲ್ರಿ. ತಂತಿ ಆರು ಅದಾವ."

"ಹೊಂದಿಸಿಕೊ. ಅಂಗಡ್ಯಾವ ಹೇಳ್ಯಾನ, ಸಿನಿಮಾದಾಗ ಬಾರ್ಸೋರು ಇದನ್ನ ತಗೋತಾರಂತ."

ಬಂಗಾರದ ಬಣ್ಣ ನೋಡಿ ಆರಿಸಿದ್ದಾನೆ. ತೊಗರಿಯನ್ನಾದರೆ ಹಲ್ಲಿನಲ್ಲಿ ಕಡಿದು ನೋಡದೆ ಚೀಲ ಮುಟ್ಟುವವನಲ್ಲ.

ಹಳೆಯದರ ಕೆಳಗೆ, ತಂತಿಗಳನ್ನು ಎತ್ತಿ ಹಿಡಿಯುವ ಸೇತುವೆಯ ಹತ್ತಿರ ಕಟ್ಟಿಗೆ ಕೆತ್ತಿ ಕೂರಿಸಿ, ವೈರು ಇದಕ್ಕೆ ಬೆಸೆದೆ. ಮೊದಲ ತಂತಿ, ಕೊನೆಯ ತಂತಿ — ಎರಡೂ ಕಂಬದಿಂದ ಹೊರಗೆ. ನಡುವಿನವು ಹೂಂಕರಿಸುತ್ತವೆ, ಅಂಚಿನವು ಪಿಸುಗುಡುತ್ತವೆ. ನಾದ ಪೂರ್ತಿ ಕೆಸರು. ಗುಂಯ್ ಇದ್ದಲ್ಲೇ ಇದೆ.

"ಹಾಂ! ನೋಡು, ಹೆಂಗ ಎದ್ದ ಬಂತು!" ಎಂದು ತೊಡೆ ತಟ್ಟಿಕೊಂಡ.

ಮಾರ್ಚ್ ೬

ಹೊಸ ಗಾಯಕಿ ಬಂದಿದ್ದಾಳೆ. ರಾಮವ್ವ, ಯಂಕಂಚಿಯವಳು. ನಲವತ್ತರ ಹತ್ತಿರ. ಇಪ್ಪತ್ತು ವರ್ಷ ನಾಟಕ ಕಂಪನಿಯಲ್ಲಿದ್ದಳಂತೆ. ಕಂಪನಿ ಮುಳುಗಿತು, ಇವಳು ಇಲ್ಲಿ ತೇಲಿ ಬಂದಳು. ಹಣಮಂತ್ರಾಯನಿಗೆ ಜೋಡಿ ಹಾಡಿಗೆ ಹೆಣ್ಣು ದನಿ ಬೇಕು. ಮೈಕನ್ನು ಒಂದು ಮೊಳ ದೂರ ಇಟ್ಟುಕೊಂಡು ಹಾಡುತ್ತಾಳೆ. ನಾಟಕದ ಗಂಟಲು — ಹಿಂದಿನ ಸಾಲಿನಲ್ಲಿ ನಿದ್ದೆ ಹೋದವನನ್ನು ಎಬ್ಬಿಸಲು ಬೆಳೆಸಿದ್ದು. ಆಧುನಿಕ ಸಂಗೀತ ಇವಳಿಗೇನು ಗೊತ್ತು.

ತಾಲೀಮು ಮುಗಿದ ಮೇಲೆ ನನ್ನ ಹತ್ತಿರ ಬಂದಳು.

"ಮಾಸ್ತರ, ನಿಮ್ಮ ಎರಡ ತಂತಿ ಉಪಾಸ ಅದಾವೇನ್ರಿ?"

"ಪಿಕಪ್ ಸರಿ ಇಲ್ರಿ ಅಕ್ಕಾರ."

"ಗೊತ್ತಿದ್ದೂ ಬಾರಸ್ತೀರಿ?"

ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೋದಳು. ಎರಡು ತಂತಿ ಸತ್ತಿರುವುದು ಕಿವುಡನಿಗೂ ತಿಳಿಯುತ್ತದೆ. ಇವಳೇ ಕಂಡುಹಿಡಿದ ಹಾಗೆ.

ಅವಳ ಆ ಕೊನೆಯ ಮಾತು ಮಾತ್ರ ಊಟ ಮಾಡುವಾಗಲೂ ಕಿವಿಯಲ್ಲಿತ್ತು.

ಮಾರ್ಚ್ ೨೦

ಸೊಲ್ಲಾಪುರಕ್ಕೆ ಹೋಗಿಬಂದೆ. ಇಂಡಿ ರೋಡ್ ಸ್ಟೇಷನ್ನಿನಿಂದ ರೈಲು. ಗಿಟಾರ್ ಪಿಕಪ್ ಎಂದರೆ ಅಂಗಡಿಯವರು ಮೋಟರ್ ಗಾಡಿ ತೋರಿಸುತ್ತಾರೆ. ಒಬ್ಬನ ಹತ್ತಿರ ಜಪಾನಿನದು ಒಂದಿತ್ತು — ಒಳಗೆ ವೈರು ಕಡಿದದ್ದು. ಮಾರುವ ಮುಖದಲ್ಲಿ ನಾಚಿಕೆಯೇ ಇಲ್ಲ. ಬಿಟ್ಟೆ. ಅತಿ ತೆಳುವಾದ ವೈರು, ಸಣ್ಣ ಅಯಸ್ಕಾಂತದ ಪಟ್ಟಿ ಎರಡು ತಂದೆ. ನಾನೇ ಸುತ್ತುತ್ತೇನೆ. ಇವರ್ಯಾರಿಂದಲೂ ಆಗುವುದಲ್ಲ.

ಮಾರ್ಚ್ ೨೩

ಮನೆಯಲ್ಲಿ ಗೌಸಬಿಯ ಹೊಲಿಗೆ ಮಶೀನಿನಲ್ಲಿ ದಾರದ ಉಂಡೆ ಸುತ್ತುವ ಗಾಲಿ ಇದೆಯಲ್ಲ, ಅದಕ್ಕೆ ಸುರುಳಿಯ ಚೌಕಟ್ಟು ಕಟ್ಟಿದೆ. ಚೆನ್ನಾಗಿ ತಿರುಗುತ್ತದೆ. ವೈರು ಮಾತ್ರ ಉಸಿರು ತಾಕಿದರೆ ಕಡಿಯುತ್ತದೆ. ಇವತ್ತು ಐದು ಸಲ.

"ಗೌಡರ ಮನಿ ಜಂಪರ ಅರ್ಧಕ್ಕ ನಿಂತಾವ," ಎಂದಳು ಗೌಸಬಿ. "ಮಶೀನ್ ಬಿಡ್ರಿ."

"ಜಂಪರ ಓಡಿ ಹೋಗ್ತಾವೇನು?"

"ಜಂಪರ ಹೊಲದ್ರ ಮನ್ಯಾಗ ಎಣ್ಣಿ ಬರ್ತೈತಿ. ನೀವು ಸುತ್ತಿದ್ದರಿಂದ ಏನ ಬರ್ತೈತಿ?"

"ಟೋನ್."

ನನ್ನ ಮುಖವನ್ನೇ ನೋಡಿದಳು. ಮದುವೆಯಾಗಿ ಆರು ವರ್ಷ — ಇಷ್ಟು ತಿರಸ್ಕಾರದಿಂದ ಯಾವತ್ತೂ ನೋಡಿರಲಿಲ್ಲ. ನನ್ನಿಂದಲೇ ಕಲಿತಿರಬೇಕು.

ಏಪ್ರಿಲ್ ೪

ಆಯಿತು.

ಹನ್ನೆರಡು ದಿನ ಬರೆಯಲಿಲ್ಲ. ಬರೆಯಲು ಬೆರಳು ಎಲ್ಲಿತ್ತು. ಎರಡು ಸುರುಳಿ, ಪಕ್ಕಪಕ್ಕಕ್ಕೆ. ಒಂದರ ಅಯಸ್ಕಾಂತ ಇನ್ನೊಂದಕ್ಕೆ ಉಲ್ಟಾ. ಮೇಣದಲ್ಲಿ ಅದ್ದಿ ತೆಗೆದೆ, ಒಳಗೆ ಅಲುಗಬಾರದು. ಹಳೆಯ ಬೆಂಕಿಪೆಟ್ಟಿಗೆ ಕಿತ್ತು ಅದರ ಜಾಗದಲ್ಲಿ ಕೂರಿಸಿದೆ. ಬೆಸುಗೆ. ಟ್ಯೂಬ್‌ಲೈಟ್ ಹಾಕಿದೆ. ಆಂಪ್ಲಿಫೈಯರ್ ಹಾಕಿದೆ.

ಗುಂಯ್ ಎರಡು ಪಟ್ಟು.

ತಲೆ ಕೆಟ್ಟಿತು. ಗಿಟಾರನ್ನು ಬಾವಿಗೆ ಹಾಕಬೇಕೆನ್ನಿಸಿತು. ಹಣಮಂತ್ರಾಯನನ್ನೂ. ಚಹಾ ಕುಡಿದ ಮೇಲೆ ಹೊಳೆಯಿತು — ಒಂದು ಸುರುಳಿಯ ಎರಡು ತುದಿ ಅದಲುಬದಲು ಆಗಿವೆ. ಕಿತ್ತು ತಿರುಗಿಸಿ ಮತ್ತೆ ಬೆಸೆದೆ. ಹಾಕಿದೆ.

ಸದ್ದಿಲ್ಲ.

ಗೌಸಬಿ ಒಲೆಯ ಕಡೆಯಿಂದ ಬಂದಳು. "ಕೆಟ್ಟತೇನ್ರಿ? ಆವಾಜ ಬರವಲ್ದು."

ಆರೂ ತಂತಿಯ ಮೇಲೆ ಒಮ್ಮೆ ಕೈ ಎಳೆದೆ. ಹಿಟ್ಟಿನ ಕೈಯಲ್ಲೇ ನಿಂತಳು. ಆರೂ ಬಂದವು, ಒಂದೊಂದೂ ಬೇರೆ ಬೇರೆ, ಕೂಡಿಯೂ. ಕೆಳಗಿನದು ದುಂಡಗೆ. ಮೇಲಿನದು ಚುಚ್ಚದೆ ಹೊಳೆಯುತ್ತದೆ. ಕೈ ತೆಗೆದರೆ ನಾದ ತಾನಾಗಿಯೇ ಸಣ್ಣಗಾಗಿ, ಆರಿ, ಹಿಂದೆ ಏನೂ ಉಳಿಯುವುದಿಲ್ಲ.

"ಜಂಪರಕ್ಕಿಂತ ಚಲೋ ಐತೇನು?" ಕೇಳಿದೆ.

"ಎಣ್ಣಿ ಬರೂದಿಲ್ಲ ಇದರಿಂದ," ಎಂದಳು. ಹೋಗಲಿಲ್ಲ ಮಾತ್ರ. ಇನ್ನೊಂದು ಬಾರಿಸಲು ಹೇಳಿದಳು.

ಏಪ್ರಿಲ್ ೧೭

ಬಸವನ ಬಾಗೇವಾಡಿಯಲ್ಲಿ ನಿನ್ನೆ ಯುವಕ ಮಂಡಳದ ಕಾರ್ಯಕ್ರಮ. ಹೊರಡುವ ಮೊದಲೇ ಹಣಮಂತ್ರಾಯನ ಕಟ್ಟಪ್ಪಣೆ: "ಬಂಗಾರದ್ದು ಕೀಳಬ್ಯಾಡ. ಮಂದಿಗೆ ಕಾಣ್ಲಿ." ಸರಿ. ವೈರು ಕಿತ್ತು ಸುಮ್ಮನೆ ಕೂರಿಸಿದ್ದೇನೆ. ಮದುಮಗನ ಹಾಗೆ ಹೊಳೆಯುತ್ತ ಕೂತಿದೆ, ಕೆಲಸ ಪಕ್ಕದಲ್ಲಿ ಕರಿಯ ಟೇಪು ಸುತ್ತಿದ ನನ್ನ ಪಿಕಪ್ಪಿನದು.

ನಾದ ಹೇಗೆ ಬಂತು! ಯಾರೂ ಕೇಳಲಿಲ್ಲ. ಮಂಡಳದ ಅಧ್ಯಕ್ಷ ಗಿಟಾರಿನ ಹತ್ತಿರ ಬಂದು ಬಂಗಾರದ ಮೇಲೆ ಬೆರಳಿಟ್ಟ. "ಮುಂಬೈ ಮಾಲ್ರಿ," ಎಂದ ಹಣಮಂತ್ರಾಯ. "ಅದರಿಂದನ ಇಷ್ಟ ಮಸ್ತ್ ಬರ್ತೈತಿ. ನಾನ ಆರಿಸಿ ತಂದೇನಿ."

ಇಂಥವರ ಮುಂದೆ ಸತ್ಯ ಹೇಳುವುದೂ ಒಂದು ಅವಮಾನ.

ರಾಮವ್ವ ಮಾತ್ರ ಹಾಡುತ್ತ ಹಾಡುತ್ತ ಒಮ್ಮೆ ಹಿಂದಿರುಗಿ ನೋಡಿದಳು. ಮುಂದಿನ ಸಾಲನ್ನು ಅರ್ಧ ದನಿ ಇಳಿಸಿ, ನನಗೆ ಜಾಗ ಬಿಟ್ಟು ಹಾಡಿದಳು.

ಜನ ಅವಳಿಗೆ ಮೂರು ಸಲ ಒನ್ಸ್ ಮೋರ್ ಎಂದರು. ಹಣಮಂತ್ರಾಯನಿಗೆ ಒಮ್ಮೆಯೂ ಇಲ್ಲ. ವಾಪಸ್ಸು ಬರುವಾಗ ಗಾಡಿಯಲ್ಲಿ ಅವನು ಅವಳಿಗೆ ಬೆನ್ನು ಹಾಕಿ ಕೂತ.

ಮೇ ೮

ಮುದ್ದೇಬಿಹಾಳದಿಂದ ಬೆಳಗಿನ ಬಸ್ಸಿಗೆ ಬಂದೆ. ಬರೆದುಬಿಡಬೇಕು.

ನಿನ್ನೆ ಹಣಮಂತ್ರಾಯನ ಎರಡು ಹಾಡಿಗೆ ಜನ ಬೀಡಿ ಸೇದುತ್ತ ಕೂತರು. ಆಮೇಲೆ ರಾಮವ್ವ. ಒಂದು ನುಡಿ ಮುಗಿದಿತ್ತು, ಅಷ್ಟರಲ್ಲಿ ಮೈಕು ಸತ್ತಿತು. ಎಲ್ಲರೂ ಕರೆಂಟು ಎಂದುಕೊಂಡರು. ದೀಪ ಉರಿಯುತ್ತಲೇ ಇದ್ದವು. ನಾನು ನೋಡಿದೆ — ಹಣಮಂತ್ರಾಯನ ಕೈ ಮೈಕಿನ ಸ್ವಿಚ್ಚಿನ ಮೇಲಿತ್ತು.

"ಫ್ಯೂಜ್ ಹೋಗೇತ್ರಿ, ಫ್ಯೂಜ್," ಎಂದ ಜನಕ್ಕೆ. ಅವಳಿಗೆ, "ನೀ ಕೂಡ್ರು."

ಡ್ರಮ್ಮಿನವನು ಅವನ ಮುಖ ನೋಡಿ ಕೋಲು ಕೆಳಗಿಟ್ಟ. ಹಾರ್ಮೋನಿಯಂ ನಿಂತಿತು. ಹೊಟ್ಟೆಪಾಡಿನ ಸಂಗೀತಗಾರರು!

ಅವಳು ಕೂರಲಿಲ್ಲ. ಸೆರಗು ಸಿಕ್ಕಿಸಿಕೊಂಡು ವೇದಿಕೆಯ ಅಂಚಿಗೆ ಹೋದಳು. ನಿಂತಲ್ಲಿಂದಲೇ ಎರಡನೆಯ ನುಡಿ ಎತ್ತಿದಳು, ಬರೀ ಗಂಟಲಿನಿಂದ.

ಅವಳ ಮೇಲೆ ಕರುಣೆ ಬಂದು ಮಾಡಿದ್ದಲ್ಲ ನಾನು. ಆ ಕೈ ನೋಡಿ ಹೇಸಿಕೆಯಾಯಿತು, ಅಷ್ಟೇ. ವಾಲ್ಯೂಮು ಇಳಿಸಿದೆ. ಇನ್ನೂ ಇಳಿಸಿದೆ. ಮೊದಲಿನ ಪಿಕಪ್ ಆಗಿದ್ದರೆ ಅಷ್ಟಕ್ಕಿಳಿದ ಮೇಲೆ ಬರೀ ಗುಂಯ್ ಉಳಿದು ಅವಳನ್ನು ನುಂಗುತ್ತಿತ್ತು. ಇದು ನುಂಗಲಿಲ್ಲ. ಅವಳ ದನಿಯ ಕೆಳಗೆ ಚಾಪೆಯಂತೆ ಹಾಸಿಕೊಂಡಿತು. ಅವಳು ಉಸಿರು ತೆಗೆದುಕೊಂಡಲ್ಲಿ ಎರಡು ಸ್ವರ, ಅಷ್ಟೇ. ಹಿಂದಿನ ಸಾಲಿನವರು ಎದ್ದು ಮುಂದೆ ಬಂದರು, ಕೂಗಾಡದೆ. ಕೂಸುಗಳ ಬಾಯಿಗೆ ಕೈ ಇಟ್ಟರು.

ಎರಡು ತಿಂಗಳು ಈ ಪಿಕಪ್ಪಿಗಾಗಿ ಸತ್ತದ್ದು ದೊಡ್ಡದಾಗಿ ಬಾರಿಸಲು ಎಂದುಕೊಂಡಿದ್ದೆ. ಅದರ ನಿಜವಾದ ಗುಣ ಇಳಿಸಿದಾಗ ತಿಳಿಯಿತು.

ಹಾಡು ಮುಗಿದ ಮೇಲೆ ಚಪ್ಪಾಳೆ. ಹಣಮಂತ್ರಾಯನೂ ಹೊಡೆದ. ಆಮೇಲೆ ವೇದಿಕೆಯ ಹಿಂದೆ, "ನಾಟಕದಾಕಿ, ನಾಳಿಂದ ಬರಬ್ಯಾಡ" ಎಂದ.

"ನಾನೂ ಅದನ್ನ ಹೇಳಾಕಿದ್ದೆ ತಮ್ಮಾ," ಎಂದಳು ಅವಳು.

ನನ್ನ ಕಡೆ ತಿರುಗಿದ. "ಫಕ್ರ್ಯಾ, ಗಿಟಾರ್ ಯಾರದು?"

"ನಿಮ್ದರಿ."

"ಹಂಗಾರ ಕೆಳಗಿಡು."

"ಇಡ್ತೇನ್ರಿ. ಒಳಗಿಂದು ನಂದೈತಿ."

ಸ್ಕ್ರೂಡ್ರೈವರ್ ತೆಗೆದೆ. ಅವನೆದುರೇ ನನ್ನ ಪಿಕಪ್ ಬಿಚ್ಚಿದೆ, ಜೇಬಿಗೆ ಹಾಕಿಕೊಂಡೆ. ಬಂಗಾರದ್ದಕ್ಕೆ ವೈರು ಬೆಸೆದೆ. ತೂತು ಇದ್ದ ಹಾಗೇ ಬಿಟ್ಟೆ. ತಾನೇ ಎತ್ತಿಕೊಂಡು ಪರಪರ ಎಂದು ಎಳೆದ. ಕಿವಿಯಿಟ್ಟು ಕೇಳಿದ. ಮುಖದಲ್ಲಿ ಸಮಾಧಾನ.

"ಏನೂ ಫರಕ್ ಇಲ್ಲ," ಎಂದ.

ಅಷ್ಟು ಹೊತ್ತು ಸಿಟ್ಟಿತ್ತು ನನಗೆ. ಅದೂ ಹೋಯಿತು. ಇವನ ಮೇಲೆ ಸಿಟ್ಟು ಖರ್ಚು ಮಾಡುವುದೂ ದಂಡ.

ಜೂನ್ ೨೫

ಬೆರಳ ತುದಿಯ ಜಡ್ಡು ಸುಲಿಯುತ್ತಿದೆ. ಏಳು ವಾರ ತಂತಿ ಮುಟ್ಟಿಲ್ಲ. ರೇಡಿಯೊ, ರೇಡಿಯೊ. ರಿಪೇರಿಗೆ ತಂದವರು ಪೂರ್ತಿ ದನಿ ಏರಿಸಿ ನೋಡಿ, "ಚಲೋ ಆತು" ಎಂದು ಒಯ್ಯುತ್ತಾರೆ.

ಇವತ್ತು ಹಣಮಂತ್ರಾಯ ಬಂದಿದ್ದ. ಹೊಸ ಗಿಟಾರಿನವನು ಓಡಿಹೋದನಂತೆ.

"ಆದದ್ದಾತು. ಬಾ ಮತ್ತ. ಆಕಿ ಸಂಗಡ ಅಷ್ಟ ಇರಬ್ಯಾಡ. ನಾಟಕದಾಕಿ ಹಿಂದ ಹ್ವಾದ್ರ ಮಂದಿ ಏನಂತಾರ ಗೊತ್ತದಲ್ಲ?"

ಬರುವುದಿಲ್ಲ ಎಂದೆ. ಏಕೆ ಎಂದು ಕೇಳಿದ. ಹೇಳಿದರೆ ಕೇಳಿಸುವ ಕಿವಿ ಬೇಕಲ್ಲ. ರೇಡಿಯೊ ಜೋರು ಮಾಡಿದೆ.

ಜುಲೈ ೧೬

ರಾಮವ್ವ ಅಂಗಡಿಗೆ ಬಂದಳು. ಬಗಲಲ್ಲಿ ಬಟ್ಟೆಯಲ್ಲಿ ಸುತ್ತಿದ ಮ್ಯಾಂಡೊಲಿನ್. ಕಂಪನಿ ಮುಳುಗಿದಾಗ ಪಗಾರದ ಬದಲು ಕೊಟ್ಟದ್ದಂತೆ.

"ನಿಮ್ಮ ಜೇಬಿನ್ಯಾಗಿಂದು ಇದಕ್ಕ ಕೂಡ್ತೈತೇನ್ರಿ?"

ಮ್ಯಾಂಡೊಲಿನ್! ಪುಟ್ಟ ಹೊಟ್ಟೆ, ಜೋಡಿ ತಂತಿ, ಚಿಣಿಚಿಣಿ. ಎಲೆಕ್ಟ್ರಿಕ್ ಗಿಟಾರು ಬಾರಿಸಿದ ಕೈ ಇದನ್ನು ಮುಟ್ಟಬೇಕೆ. ಉಕ್ಕಿನ ತಂತಿ ಇದ್ದರೆ ಕೂಡುತ್ತದೆ, ಅಂದೆ. ಉಕ್ಕಿನವೇ ಇದ್ದವು.

"ನಿಡಗುಂದ್ಯಾಗ ಆಣೆಕಟ್ಟಿನ ಕೆಲಸದವರು ಕರದಾರ. ನಾನು, ತಬಲಾದ ಬಂದಗಿಸಾಬ, ನೀವು. ಬರ್ತೀರೋ, ರೇಡಿಯೊ ಕೇಳ್ಕೋತ ಕೂಡ್ತೀರೋ?"

ನಾಟಕದ ಹೆಂಗಸಿನ ಹಿಂದೆ ಮ್ಯಾಂಡೊಲಿನ್ ಹಿಡಿದುಕೊಂಡು ನಿಡಗುಂದಿಗೆ. ಊರಿನವರು ನಗುತ್ತಾರೆ. ಅತ್ತೆಯ ಮನೆಯವರು ನಗುವುದಿಲ್ಲ, ಜಗಳಕ್ಕೆ ಬಂದೇಬಿಡುತ್ತಾರೆ.

ಗೌಸಬಿಗೆ ಹೇಳಿದೆ. ಜಂಪರಿನ ತೋಳು ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಮನ್ಯಾಗಿದ್ದು ಎಲ್ಲಾರ್ನೂ ಬೈಯೂದಕ್ಕಿಂತ ಅಲ್ಲಿ ಹೋಗಿ ಬಾರಸೂದು ಚಲೋ. ನಮ್ಮವ್ವ ಬಂದ್ರ ನಾ ಮಾತಾಡ್ತೇನಿ."

ಜುಲೈ ೩೦. ನಿಡಗುಂದಿ, ಸಂಜೆ ನಾಲ್ಕು

ಸಾಲೆಯ ಕೋಣೆಯಲ್ಲಿ ಕೂತಿದ್ದೇನೆ. ಹೊರಗೆ ವೇದಿಕೆ ಕಟ್ಟುತ್ತಿದ್ದಾರೆ — ನಾಲ್ಕು ಎಣ್ಣೆ ಡ್ರಮ್ಮು, ಮೇಲೆ ಹಲಗೆ. ಲಾರಿಯಿಂದ ಇಳಿದವರ ಮೈ ತುಂಬ ಸಿಮೆಂಟು. ಇವರಿಗೆ ನಾದ ಗೀದ... ಬಂಡೆ ಸಿಡಿಸಿ ಅರ್ಧ ಕಿವುಡಾಗಿರುತ್ತಾರೆ.

ಮ್ಯಾಂಡೊಲಿನ್ ಅಂದುಕೊಂಡಷ್ಟು ಕೆಟ್ಟದ್ದಲ್ಲ. ಜೋಡಿ ತಂತಿಗಳ ನಡುವೆ ಏನೋ ಒಂದು ನಡುಗುತ್ತದೆ, ಪಿಕಪ್ ಅದನ್ನೂ ಬಿಡದೆ ಹಿಡಿಯುತ್ತದೆ. ಗಿಟಾರಿನಲ್ಲಿ ಇರಲಿಲ್ಲ ಅದು. ಇದ್ದರೂ ಹೇಳಿಕೊಳ್ಳುವಂಥದ್ದಲ್ಲ.

ರಾಮವ್ವ ಅಂಗಳದಲ್ಲಿ ದನಿ ಹಚ್ಚುತ್ತಿದ್ದಾಳೆ. ಶ್ರುತಿ ತಪ್ಪಿದ್ದಾಳೆ. ಇಪ್ಪತ್ತು ವರ್ಷ ಹಾಡಿ ಇಷ್ಟೂ ತಿಳಿಯಬಾರದೆ. ನಮ್ಮ ಷಡ್ಜಕ್ಕಿಂತ ಕೂದಲೆಳೆ ಮೇಲೆ. ಹೋಗಿ ಹೇಳಬೇಕು.

ಬಾರಿಸಿ ನೋಡಿದೆ. ಬಂದಗಿಸಾಬನ ತಬಲಾಕ್ಕೂ ಹೋಲಿಸಿ ನೋಡಿದೆ.

ಅವಳದ್ದು ಸರಿಯಿದೆ. ನನ್ನ ಎರಡನೆಯ ಜೋಡಿ ಇಳಿದಿದೆ.

"ಮಾಸ್ತರ, ಆತೇನ್ರಿ?" — ಕೂಗುತ್ತಿದ್ದಾಳೆ. ಹೇಳುವುದಿಲ್ಲ ಅವಳಿಗೆ. ಸುಮ್ಮನೆ ತಂತಿ ಏರಿಸಿಕೊಂಡು ಹೋಗುತ್ತೇನೆ.