ಒಳಗೆ ಕೂತು ಕುಡಿದ ಕಾಫಿ

ಹಾಸನ, ೧೯೫೮

ತಂಗಿ ಮಾಯಮ್ಮನಿಗೆ ಅಣ್ಣ ದ್ಯಾವಯ್ಯ ಬರೆಯುವುದು. ಹೇಗಿದ್ದೀಯವ್ವ? ಭಾವ ಕೆಂಚಯ್ಯನವರ ಕೆಮ್ಮು ನಿಂತಿತೆ? ಹಾಸ್ಟೆಲಿಗೆ ಸೇರುವ ಖುಷಿಯಲ್ಲಿ ನಿನ್ನ ಮಗಳು ಸುಬ್ಬಿ ಊಟ ಬಿಟ್ಟಿಲ್ಲ ತಾನೆ?

ಅವಳನ್ನು ಸೇರಿಸಲು ಬರುವಾಗ ಬುತ್ತಿ ಕಟ್ಟಿಕೊಂಡೇ ಬರುತ್ತೇನೆ, ಹೋಟೆಲಿನವರು ನಮ್ಮ ಜನರನ್ನು ಹೊರಗೆ ಕೂರಿಸಿ ತೆಂಗಿನ ಚಿಪ್ಪಿನಲ್ಲಿ ಕಾಫಿ ಹುಯ್ಯುವುದನ್ನು ಮಗಳು ನೋಡಬಾರದು ಎಂದು ನೀನು ಬರೆಸಿದ್ದೆ. ಈ ಊರು ನನಗೂ ಹೊಸದು. ಮಗನ ಮನೆಯಿಂದ ದಾರಿ ಕೇಳಿಕೊಂಡು ನಾನೇ ಹೋಗಿ ನೋಡಿ ಬಂದೆ.

ಬಸ್ ಸ್ಟ್ಯಾಂಡಿನ ಹಿಂದೆ ಹಸಿರು ಬಾಗಿಲಿನ ಹೋಟೆಲೊಂದಿದೆ. ಒಳಗೆ ಬೆಂಚಿನ ಮೇಲೆ ಕೂತೆ. ಎಲ್ಲರಿಗೂ ಕೊಡುವ ಲೋಟದಲ್ಲೇ ಕಾಫಿ ಕೊಟ್ಟರು. ಕುಡಿದ ಮೇಲೆ ನಮ್ಮೂರ ರೂಢಿಯಂತೆ ಲೋಟ ಎತ್ತಿಕೊಂಡು ಹೋಗಿ ನಲ್ಲಿಯಲ್ಲಿ ತೊಳೆಯುತ್ತ ನಿಂತೆ. ಸಪ್ಲೈಯರು ಓಡಿ ಬಂದ.

“ಯಜಮಾನ್ರೇ, ಮಡಗಿ ಅದ್ನ! ನೀವೇ ತೊಳದ್ಬುಟ್ರೆ ಸಾವ್ಕಾರ್ರು ನಂಗ್ಯಾಕೆ ಸಂಬ್ಳ ಕೊಟ್ಟಾರು?”

“ಅಭ್ಯಾಸ ಕಣಪ್ಪ,” ಅಂದೆ.

“ಅಂಗಾರೆ ದಿನಾ ಬನ್ನಿ, ಬುಡುಸ್ತೀನಿ,” ಎಂದು ಲೋಟ ಕಿತ್ತುಕೊಂಡ. ಕೂತವರೆಲ್ಲ ನಕ್ಕರು, ನಾನೂ ನಕ್ಕೆ.

ಅಲ್ಲಿ ಇಡ್ಲಿ ಮೆತ್ತಗಿದೆ, ಚಟ್ನಿ ಸ್ವಲ್ಪ ಖಾರ. ಮಧ್ಯಾಹ್ನಕ್ಕೆ ಪೇಟೆ ಬೀದಿಯ ಮಿಲಿಟರಿ ಹೋಟೆಲಿಗೆ ಹೋಗೋಣ. ಸಾರು ಬಲು ರುಚಿ, ಮುದ್ದೆ ಮಾತ್ರ ನಿನ್ನ ಕೈಯದರ ಹತ್ತಿರಕ್ಕೂ ಬಾರದು. ಹಾಸ್ಟೆಲಿಗೆ ಒಯ್ಯಲು ಸುಬ್ಬಿಗೆ ಅದರ ಪಕ್ಕದಂಗಡಿಯಲ್ಲಿ ಖಾರದ ಬೂಂದಿ ಕಟ್ಟಿಸಿಕೊಡುತ್ತೇನೆ.

ನನ್ನ ಮಂಡಿನೋವು ಆಸ್ಪತ್ರೆಯ ಎಣ್ಣೆಗೆ ಕಡಿಮೆಯಾಗಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಬುತ್ತಿ ಕಟ್ಟಬೇಡ, ನಾವು ಮೂವರೂ ಒಳಗೇ ಕೂತು ತಿನ್ನೋಣ. ಯಾವ ಬಸ್ಸಿಗೆ ಬರುತ್ತೀರೆಂದು ಸುಬ್ಬಿಯ ಕೈಯಲ್ಲಿ ಬೇಗ ಎರಡು ಸಾಲು ಬರೆಸು.

ನಿನ್ನ ಅಣ್ಣ
ದ್ಯಾವಯ್ಯ